ಹೊಸ್ತಿಲಾಚೆಯ ಸಹಿ

"ಓದಲೇ. ಗಟ್ಟ್ಯಾಗಿ ಓದು. ಇಂಗ್ಲೀಷ ಕಲತಾಕಿ ಅಲ್ಲೇನ್ ನೀ?"

ಶೇವಂತೆವ್ವ ಕಾಗದ ಬಿಡಿಸಿದಳು. ವಾಡೆಯ ಕಟ್ಟೆಯ ಮೇಲೆ ಶಂಕ್ರೆಪ್ಪಗೌಡ, ಅವನ ಆಚೀಚೆ ತೆಗ್ಗಿನಾಳ ಊರಿನ ನಾಲ್ಕೈದು ಮಂದಿ. ಅವರೆಲ್ಲರ ಚಪ್ಪಲಿಗಳು ಕಟ್ಟೆಯ ಕೆಳಗೆ ಸಾಲಾಗಿದ್ದವು. ಆ ಸಾಲಿನಾಚೆ, ಅಂಗಳದ ಬಿಸಿಲಿನಲ್ಲಿ ಅವಳು ನಿಂತಿದ್ದಳು. ಅವಳ ಚಪ್ಪಲಿ ಅಗಸೆಬಾಗಿಲಿನ ಹೊರಗಿದ್ದವು.

ಅವಳು ಇಂಗ್ಲಿಷಿನಲ್ಲಿ ಎರಡು ಸಾಲು ಓದಿದಳು. ಯಾರಿಗೂ ತಿಳಿಯಲಿಲ್ಲ. ಎಲ್ಲರೂ ನಕ್ಕರು.

"ಈಗ ಕನ್ನಡದಾಗ ಹೇಳು. ಮಂದಿಗೆ ತಿಳೀಬೇಕಲ್ಲ."

"ಹೆಸರು ಪಟ್ಟ್ಯಾಗಿಂದ ತಗದಾರ್ರಿ."

"ಯಾರ ಹೆಸರು?"

"ನಂದ್ರಿ."

"ನಿಂದಂದ್ರ? ಪೂರಾ ಹೇಳು."

"ಶೇವಂತಾ ಚಂದ್ರಾಮ ಕಾಂಬಳೆ. ದವಾಖಾನಿ ನರ್ಸು."

"ನರ್ಸು ಇದ್ದಾಕಿ," ಗೌಡ ತಿದ್ದಿದ. "ಈಗ ಏನು?"

ಅವಳು ಇನ್ನೊಂದು ಕಾಗದಕ್ಕೆ ಕೈ ಹಾಕಿದಳು.

"ಕೇಳಾಕತ್ತೇನಲ್ಲ. ಈಗ ಏನು ಮಾಡ್ತಿ?"

"ಝಳಕಿ ರಸ್ತೇಕ ಖಡಿ ಕಲ್ಲು ಒಡೀತೇನ್ರಿ."

ಮತ್ತೊಮ್ಮೆ ನಗು. ಅವಳು ಎರಡನೆಯ ಕಾಗದ ತೆಗೆದಳು. ಅದು ಬೆಂಗಳೂರಿನ ಮಂಡಳಿಯಿಂದ ಬಂದದ್ದು. ಗೌಡನ ವಾಡೆಯಲ್ಲಾದ ಹಿಂದಿನ ಹೆರಿಗೆಯ ಹೊತ್ತಿಗೆ ಮನೆಯಲ್ಲಿದ್ದವರು, ನರ್ಸು ಒಳಗಿರಲಿಲ್ಲ ಎಂದು ಬರೆದು ಸಹಿ ಮಾಡಿ ಕೊಟ್ಟರೆ ಹೆಸರನ್ನು ಮತ್ತೆ ಪಟ್ಟಿಗೆ ಸೇರಿಸುವ ವಿಚಾರ ಮಾಡಬಹುದು ಎಂದಿತ್ತು. ಆ ಒಂದು ಕಾಗದಕ್ಕಾಗಿ ಅವಳು ಮೂರು ವರ್ಷ ಅರ್ಜಿ ಬರೆದಿದ್ದಳು.

ಗೌಡ ಎಲೆಯ ತೊಟ್ಟು ಮುರಿದ. "ಅಂದರ, ಹೊಲಗೇರ್ಯಾಕಿ ನಮ್ಮ ಮನಿ ಒಳಗ ಬಂದಿಲ್ಲಂತ ನಾ ಬರದು ಕೊಡಬೇಕು. ಹೌದಿಲ್ಲೋ?"

"ಹೌದ್ರಿ."

"ಹೇ, ಇದನ್ನ ಯಾವ ಗೌಡರೂ ಖುಷಿಲೆ ಬರದು ಕೊಡತಾರ!" ಪಕ್ಕದವನು ನಗುತ್ತ ಕೆಮ್ಮಿದ. ಗೌಡ ನಗಲಿಲ್ಲ. "ನಾ ಕೊಡೂದಿಲ್ಲ. ಯಾಕ ಕೇಳು. ನೀ ಒಳಗಿರಲಿಲ್ಲ ಅಂದರ ಕೂಸಿನ ಕೊಂದಾವ್ರು ಯಾರು? ನಾನ? ನನ್ನ ಹೇಂತಿ? ಬುದ್ಧನ ಮಂದಿ ಆದಮ್ಯಾಲ ಬುದ್ಧಿ ಭಾಳ ಬಂದೈತಿ ನಿಮಗ. ನಡಿ. ಖಡಿ ಒಡಿ ಹೋಗು, ಬೋಸಡಿ."

ಒಳಬಾಗಿಲಲ್ಲಿ ಗೌಡನ ಸೊಸೆ ಚನ್ನವ್ವ ನಿಂತಿದ್ದಳು. ಏಳು ತಿಂಗಳ ಹೊಟ್ಟೆ. ಶೇವಂತೆವ್ವ ಕಾಗದಗಳನ್ನು ಮಡಚುವಾಗ ಅವಳ ಹೊಟ್ಟೆಯನ್ನು ನೋಡಿದಳು. ಹೊಟ್ಟೆ ಮೇಲುಗಡೆ ದುಂಡಗಿತ್ತು. ತಲೆ ಇನ್ನೂ ಮೇಲೇ ಇದೆ, ತಿರುಗಿಲ್ಲ ಎಂದುಕೊಂಡಳು. ಅದನ್ನು ಹೇಳುವ ಹಕ್ಕು ಅವಳಿಗಿರಲಿಲ್ಲ.

ಮೂರು ವರ್ಷದ ಹಿಂದೆ ಚನ್ನವ್ವನ ಮೊದಲ ಹೆರಿಗೆಗೆ ಶೇವಂತೆವ್ವನನ್ನು ಆ ಮನೆಗೆ ಕರೆಸಿದವನು ಗೌಡನೇ. ಸರಕಾರಿ ನರ್ಸು ಬಂದಿದ್ದಳು ಎಂದು ಊರು ಆಡಿಕೊಳ್ಳಬೇಕಿತ್ತು. ಅವಳು ನರ್ಸಿನ ಬಿಳಿಯ ಸೀರೆ ಉಟ್ಟು, ಪೆಟ್ಟಿಗೆ ಹಿಡಿದು ಬಂದಳು. ಗೌಡತಿ ಸಾವಂತ್ರವ್ವ ಹೆರಿಗೆ ಖೋಲಿಯ ಬಾಗಿಲಿಗೆ ಕೈ ಅಡ್ಡ ಇಟ್ಟಳು.

"ಬಿಳಿ ಸೀರಿ ಉಟ್ಕೊಂಡು ಹಡಿಯೂ ಖೋಲಿಗೆ ಬರತಾಳ, ರಂಡಮುಂಡಿ! ಅದೂ ಹೊಲಗೇರ್ಯಾಕಿ. ಅಲ್ಲೇ ನಿಂದ್ರು. ಅಲ್ಲಿಂದ ಹೇಳು, ಶೆಟ್ಟೆವ್ವ ಮಾಡ್ತಾಳ."

ಶೆಟ್ಟೆವ್ವ ಊರ ಸೂಲಗಿತ್ತಿ, ಅರವತ್ತು ದಾಟಿದವಳು. ಶೇವಂತೆವ್ವ ಹೊಸ್ತಿಲಾಚೆ ನಿಂತು ನಾಲ್ಕು ತಾಸು ಹೇಳಿದಳು. ನೀರು ಕುದಿಸಿರಿ. ಕೈ ತೊಳೀರಿ. ಕತ್ತರಿ ಕುದಿಯೂ ನೀರಿನಾಗ ಹಾಕ್ರಿ. ಕೂಸು ಬಂತು. ಕುದಿದ ಕತ್ತರಿ ಶೆಟ್ಟೆವ್ವನ ಕೈ ಸುಟ್ಟಿತು. ಅವಳು ಅದನ್ನು ಎಸೆದು, ಮೂಲೆಯಲ್ಲಿದ್ದ ಕುಡುಗೋಲು ತೆಗೆದು, ಸೆರಗಿನಿಂದ ಒರೆಸಿ ಹೊಕ್ಕಳ ಹುರಿ ಕೊಯ್ದಳು. ಸಗಣಿ ಕುರುಳಿನ ಬೂದಿ ಒತ್ತಿದಳು. ಶೇವಂತೆವ್ವ ಒದರಿದಳು. ಖೋಲಿಯೊಳಗಿನವರು ಅವಳ ಕಡೆ ತಿರುಗಲೂ ಇಲ್ಲ. ಚನ್ನವ್ವ ಮಾತ್ರ ಬಿದ್ದಲ್ಲಿಂದಲೇ ಅವಳನ್ನು ನೋಡುತ್ತಿದ್ದಳು.

ತಪ್ಪು ಅವಳು ಮಾಡಿದ್ದು ಆಮೇಲೆ. ದವಾಖಾನೆಗೆ ಬಂದು ರಜಿಸ್ಟರ ತೆಗೆದಳು. ಹೆರಿಗೆ ಮಾಡಿಸಿದವರು ಎಂಬ ಕಡೆ ಶೆಟ್ಟೆವ್ವನ ಹೆಸರು ಬರೆಯಬೇಕಿತ್ತು. ಬರೆಯಲು ಕೈ ಏಳಲಿಲ್ಲ. ಮಿಷನ್ ದವಾಖಾನೆಯಲ್ಲಿ ಮೂರು ವರ್ಷ ಕಲಿತು, ಪರೀಕ್ಷೆಯಲ್ಲಿ ಎರಡನೆಯವಳಾಗಿ ಬಂದವಳನ್ನು ಚಪ್ಪಲಿಯಂತೆ ಹೊರಗೆ ಬಿಟ್ಟಿದ್ದರು ಎಂಬುದು ಸರಕಾರದ ಪುಸ್ತಕದಲ್ಲಿ ಉಳಿಯುವುದು ಅವಳಿಗೆ ಬೇಡವಾಗಿತ್ತು. ತನ್ನ ಹೆಸರು ಬರೆದಳು. ನಂಬರ ಹಾಕಿದಳು, ೩೧೧೭. ಸಹಿ ಮಾಡಿದಳು.

ಎಂಟನೆಯ ದಿನ ಕೂಸು ಮೊಲೆ ಹಿಡಿಯಲಿಲ್ಲ. ದವಡೆ ಬಿಗಿಯಿತು, ಮೈ ಬಿಲ್ಲಿನಂತೆ ಬಾಗಿತು. ಒಂಬತ್ತನೆಯ ದಿನ ಹೋಯಿತು. ನರ್ಸು ಕೈ ಹಚ್ಚಿದ್ದಕ್ಕೆ ಹೋಯಿತು ಎಂದು ಗೌಡ ಅರ್ಜಿ ಕೊಟ್ಟ. ಅರ್ಜಿಯ ಜೊತೆಗೆ ಅವಳದೇ ಸಹಿ ಹೋಯಿತು.

ವಾಡೆಯಿಂದ ಹೊರಬಿದ್ದವಳು ಶೆಟ್ಟೆವ್ವನ ಗುಡಿಸಲಿಗೆ ಹೋದಳು. ಮುದುಕಿ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಾಗದ ನೋಡಿಯೇ ಮೊರ ಕೆಳಗಿಟ್ಟಳು.

"ಬ್ಯಾಡ ತಂಗಿ. ಅದನ್ನ ತೋರಸಬ್ಯಾಡ."

"ಆಯೀ, ಒಂದ ಹೆಬ್ಬಟ್ಟು. ನಾ ಹೊರಗಿದ್ದೆ ಅಂತ ಅಷ್ಟ."

"ನನ್ನ ಹೆಬ್ಬಟ್ಟು ಗೌಡ ಅವತ್ತ ಒತ್ತಿಸಿಕೊಂಡಾನ. ಏನ್ ಬರದಿತ್ತೋ ಶಿವಗ ಗೊತ್ತು. ಆಮ್ಯಾಲ ಗೊತ್ತಾತು, ನೀನ ಹಡಿಸಿದಿ ಅಂತ ಬರದಿತ್ತಂತ." ಮುದುಕಿ ತನ್ನ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. "ಮಗ ಅವನ ಹೊಲದಾಗ ದುಡೀತಾನವ್ವಾ. ಈ ಗುಡಸಲಾ ನಿಂತ ಜಾಗಾನೂ ಅವಂದ. ಎಲ್ಲಿ ಹೋಗ್ಲಿ ನಾ? ಬೈ ಬೇಕಾರ. ಕುಂತು ಬೈಸ್ಕೋತೇನಿ."

ಶೇವಂತೆವ್ವ ಬೈಯಲಿಲ್ಲ. ಬೈಗುಳ ಎಲ್ಲೋ ಒಣಗಿ ಹೋಗಿತ್ತು.

ಮರುವಾರ ತಾಲೂಕಿನ ದೊಡ್ಡ ಡಾಕ್ಟರ ಕಡೆ ಹೋದಳು. ಅವರು ಕೆಟ್ಟವರಲ್ಲ. ಕುಂದ್ರು ಎಂದರು, ಆದರೆ ಖುರ್ಚಿಯ ಮೇಲೆ ಫೈಲುಗಳಿದ್ದವು. ಅವಳು ನಿಂತೇ ಇದ್ದಳು. ಡಾಕ್ಟರು ಹಳೆಯ ರಜಿಸ್ಟರಿನ ಆ ಪುಟ ತೆಗೆದು ಬೆರಳಿಟ್ಟರು.

"ಇದು ನಿನ್ನ ಸಹಿ ಹೌದಲ್ಲ?"

"ಹೌದ್ರಿ."

"ಇಲ್ಲಿ ನಾನೇ ಮಾಡಿಸಿದೆ ಅಂತ ಬರೆದೀದಿ. ಈಗ ಒಳಗಿರಲಿಲ್ಲ ಅಂತಿ. ಎರಡರಾಗ ಒಂದು ಸುಳ್ಳು. ಯಾವದು ಹೇಳು, ಅದಕ್ಕ ಶಿಕ್ಷಾ ಕೊಡೂಣು."

ಅವಳು ಆ ಪುಟ ನೋಡಿದಳು. ಹೊಸ್ತಿಲು, ಬಿಳಿ ಸೀರೆ, ಏಳದ ಕೈ. ಇವನ್ನು ಬರೆಯಲು ಆ ಪುಟದಲ್ಲಿ ಜಾಗವೇ ಇರಲಿಲ್ಲ. ನಮಸ್ಕಾರ ಮಾಡಿ ಹೊರಗೆ ಬಂದಳು.

ಝಳಕಿಯ ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು. ಹೆಂಗಸರು ದಿಬ್ಬ ದಿಬ್ಬವಾಗಿ ಬಿದ್ದ ಕಲ್ಲುಗಳ ಮುಂದೆ ಕುಳಿತು ಸುತ್ತಿಗೆಯಿಂದ ಖಡಿ ಒಡೆಯುತ್ತಿದ್ದರು. ಶೇವಂತೆವ್ವ ಬೆರಳಿಗೆ ಹಳೆಯ ಅರಿವೆ ಸುತ್ತಿಕೊಂಡು ಒಡೆಯುತ್ತಿದ್ದಳು. ಊಟದ ಹೊತ್ತಿಗೆ ಅರಿವೆ ಬಿಚ್ಚಿ, ಅಂಗೈಗೆ, ಒಂದೊಂದು ಬೆರಳ ತುದಿಗೆ ಕುಸುಬಿ ಎಣ್ಣೆ ತಿಕ್ಕುವಳು. ಕೈ ಒರಟಾದರೆ ಒಳಗಿನ ಕೂಸಿನ ನೆತ್ತಿ ಯಾವುದು, ಕುಂಡಿ ಯಾವುದು ಎಂದು ಬೆರಳಿಗೆ ತಿಳಿಯುವುದಿಲ್ಲ. ಹೆಸರು ತಿರುಗಿ ಬಂದ ದಿನ ಕೈ ತಿರುಗಿ ಬರದಿದ್ದರೆ?

"ನೋಡ್ರೇ, ರಾಣಿ ಕೈಗೆ ಎಣ್ಣಿ ಹಚ್ಚಾಕತ್ತಾಳ," ಪಕ್ಕದ ದಿಬ್ಬದ ಪೀರಬಿ ದಿನವೂ ಅನ್ನುವಳು. "ನಾವು ರೊಟ್ಟಿಗೆ ಎಣ್ಣಿ ಇಲ್ಲದ ತಿಂತೇವಿ. ಈಕಿ ಕಲ್ಲಿಗೆ ಎಣ್ಣಿ ಕುಡಸ್ತಾಳ."

"ನಿನಗೂ ಹಚ್ಚಲೇನು ಖಾಲಾ?"

"ನನಗ್ಯಾಕ? ನನ್ನ ಕೈ ನೋಡಿ ನನ್ನ ಗಂಡನ ಅಂಜ್ತಾನ. ಇರಲಿ ಹಂಗ."

ಶೇವಂತೆವ್ವನ ತಗಡಿನ ಪೆಟ್ಟಿಗೆ ಗುಡಿಸಲಿನಲ್ಲಿ ಕಟ್ಟಿಟ್ಟಿತ್ತು. ಪ್ರತಿ ಅಮಾವಾಸ್ಯೆಗೆ ಕತ್ತರಿ, ಸೂಜಿ ಕುದಿಸಿ, ಒಣಗಿಸಿ, ತೊಳೆದ ಬಟ್ಟೆಯಲ್ಲಿ ಸುತ್ತಿಡುವಳು. ತಾಯಿ ಗುಂಡವ್ವ ತಡೆಯುತ್ತಿರಲಿಲ್ಲ. ಗಂಡ ಸತ್ತಾಗಲೂ ಮಗಳು ಹೀಗೆಯೇ ಒಂದು ತಿಂಗಳು ಅವನ ಅಂಗಿ ಒಗೆದು ಒಣಗಿಸಿದ್ದಳು.

ಚನ್ನವ್ವನಿಗೆ ಒಂಬತ್ತು ತುಂಬಿದ ವಾರ, ಒಂದು ಬೆಳಿಗ್ಗೆ ಗೌಡನ ಚಕ್ಕಡಿ ಖಡಿಯ ದಿಬ್ಬದ ಹತ್ತಿರ ನಿಂತಿತು. ಗೌಡನ ಆಳು ಸಿದ್ರಾಮ ಇಳಿದ. ಎತ್ತುಗಳ ಬಾಯಲ್ಲಿ ನೊರೆ ಇತ್ತು.

"ನಡಿಯಕ್ಕಾ. ಸಣ್ಣ ಗೌಡತಿಗೆ ನಿನ್ನಿ ಮುಂಜಾನಿಂದ ಬ್ಯಾನಿ. ಕೂಸಿನ ಪಾದ ಹೊರಗ ಬಂದಾವ. ಡಾಕ್ಟರು ಬಿಜಾಪುರಕ್ಕ ಹೋಗ್ಯಾರಂತ. ಶೆಟ್ಟೆವ್ವ ಆಯಿ ಕೈ ಬಿಟ್ಟಾಳ. ಶೇವಂತಾನ ಕರಸ್ರಿ ಅಂತ ಆಯೀನ ಅಂದ್ಳು."

ಪೀರಬಿ ಸುತ್ತಿಗೆ ಬಿಟ್ಟು ಎದ್ದಳು. "ಹೋಗಬ್ಯಾಡ ಶೇವಂತಾ. ಪರವಾನಗಿ ಇಲ್ಲ ನಿನಗ. ಕೆಟ್ಟದಾದರ ಜೇಲು. ಚಲೋ ಆದರ ಅವನ ಹೆಸರು. ನಿನಗೇನ್ ಐತಿ ಅದರಾಗ?"

ಶೇವಂತೆವ್ವ ಆಗಲೇ ಬೆರಳಿನ ಅರಿವೆ ಬಿಚ್ಚುತ್ತಿದ್ದಳು.

ದಾರಿಯಲ್ಲಿ ಚಕ್ಕಡಿ ನಿಲ್ಲಿಸಿ ಗುಡಿಸಲಿನಿಂದ ಪೆಟ್ಟಿಗೆ ತಂದುಕೊಂಡಳು. ಅವಳನ್ನು ಹಿತ್ತಲ ಬಾಗಿಲಿನಿಂದ ಒಳಗೆ ಬಿಟ್ಟರು. ಸೀರೆ ಖಡಿಯ ಧೂಳಿನಿಂದ ಬೂದಿಯ ಬಣ್ಣವಾಗಿತ್ತು. ಸೀರೆಯ ಮಾತು ಈ ಸಲ ಯಾರೂ ಎತ್ತಲಿಲ್ಲ. ಅವಳು ಪೆಟ್ಟಿಗೆಯನ್ನು ಕುದಿಯುವ ಹಂಡೆಯ ಹತ್ತಿರ ತೆರೆದಳು. ಕತ್ತರಿ ನೀರಿಗೆ ಹಾಕಿದಳು. ಮೊಳಕೈವರೆಗೆ ಕೈ ತೊಳೆದಳು. ಹೆರಿಗೆ ಖೋಲಿಯ ಹೊಸ್ತಿಲಿಗೆ ಬಂದು, ಮೂರು ವರ್ಷದ ಹಿಂದೆ ನಿಂತಲ್ಲೇ ನಿಂತಳು.

"ಒಳಗ ನಡಿ," ಗೌಡ ಹಿಂದಿನಿಂದ ಅಂದ.

"ಕಾಗದ ಪೆಟ್ಟಿಗ್ಯಾಗ ಐತ್ರಿ ಗೌಡ್ರ. ಸಹಿ ಮಾಡ್ರಿ."

"ಇದು ಅದರ ಹೊತ್ತೇನ?"

"ನನಗ ಇದ ಹೊತ್ತರಿ."

"ಹೊಲ್ಯಾನ ಜಾತಿ ತೋರಸ್ತೀ ಏನ ಸೂಳೆ? ಒಳಗ ಜೀವ ಹೊಂಟೈತಿ."

"ಹೊಂಟೈತ್ರಿ. ಮಸಿ ಆರಾಕ ಎಷ್ಟೊತ್ತು?"

ಹಾಗೆ ಅಂದವಳು ತಾನೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ. ಸಾವಂತ್ರವ್ವ ಹೊರಗೆ ಬಂದಳು. ಕೈಯೆಲ್ಲ ರಕ್ತ. "ನಿನ್ನ ಕಾಲಿಗೆ ಬೀಳ್ತೇನಿ, ಬಾರ ಯವ್ವಾ," ಎಂದು ಎರಡು ಮೊಳ ದೂರದಿಂದ ನೆಲ ಮುಟ್ಟಿದಳು. ಗೌಡ ಎದೆಯ ಮೇಲಿನ ಲಿಂಗ ಹಿಡಿದ. "ಇದರಾಣೆ. ಹಡಸು ಮೊದಲ. ಮಾಡ್ತೇನಿ ಸಹಿ."

ಒಳಗಿನಿಂದ ಚನ್ನವ್ವ ಅವಳನ್ನು ನೋಡುತ್ತಿದ್ದಳು, ಅಂದು ನೋಡಿದ ಹಾಗೆಯೇ. "ಅಕ್ಕಾ," ಅಂದಳು. ಅಷ್ಟೇ.

ಶೇವಂತೆವ್ವ ಹೊಸ್ತಿಲು ದಾಟಿದಳು.

ಶೆಟ್ಟೆವ್ವ ಕೂಸಿನ ಪಾದ ಹಿಡಿದು ಎಳೆಯಲು ಹೊರಟಿದ್ದಳು. "ಬಿಡ್ರಿ ಆಯಿ. ಎಳದರ ಕೈ ಮ್ಯಾಲೇರಿ ತಲಿ ಸಿಕ್ಕೋತೈತಿ. ಹೊಕ್ಕಳ ಕಾಣೂ ತನಕ ಯಾರೂ ಮುಟ್ಟಬ್ಯಾಡ್ರಿ." ಆ ಮನೆಯಲ್ಲಿ ಮುಟ್ಟಬೇಡಿರಿ ಎಂಬ ಮಾತನ್ನು ಅವಳು ಹೇಳಿದ್ದು ಅದೇ ಮೊದಲು. ಎಲ್ಲರೂ ಹಿಂದೆ ಸರಿದರು.

ಚನ್ನವ್ವನನ್ನು ಮಂಚದ ಅಂಚಿಗೆ ಎಳೆದು ಕೂರಿಸಿದಳು. ಕಾಲು ಬಂದವು, ತೊಡೆ ಬಂತು, ಹೊಕ್ಕಳ ಕಂಡಿತು. ಬೆಚ್ಚಗಿನ ಬಟ್ಟೆ ಸುತ್ತಿ ಸೊಂಟ ಹಿಡಿದಳು. ಬೆರಳು ಒಳಗೆ ಹೋಗಿ ಒಂದು ತೋಳು ಇಳಿಸಿತು, ಮತ್ತೊಂದು ತೋಳು ಇಳಿಸಿತು. ಕಲ್ಲು ಒಡೆದ ಬೆರಳುಗಳಿಗೆ ಎಲ್ಲ ತಿಳಿಯಿತು. ಕೂಸಿನ ಮೈ ತನ್ನ ಭಾರಕ್ಕೆ ತಾನೇ ಜೋತುಬಿದ್ದಿತು. ಕತ್ತಿನ ಹಿಂದಿನ ಕೂದಲು ಕಂಡಾಗ ಎರಡೂ ಪಾದ ಹಿಡಿದು ಮೇಲಕ್ಕೆ, ತಾಯಿಯ ಹೊಟ್ಟೆಯ ಕಡೆಗೆ ಎತ್ತಿದಳು. ಗದ್ದ ಬಂತು, ಮೂಗು ಬಂತು, ಹಣೆ ಬಂತು. ಕೂಸು ನೀಲಿಯಾಗಿತ್ತು. ಬಾಯಿ ಒರೆಸಿ, ತನ್ನ ಬಾಯಿಯಿಂದ ಎರಡು ಸಲ ಗಾಳಿ ಊದಿದಳು.

ಅತ್ತಿತು. ಗಂಡು.

ಕುದಿದ ಕತ್ತರಿಯಿಂದ ಹುರಿ ಕತ್ತರಿಸಿದಳು. ಚನ್ನವ್ವನಿಗೆ ಮೂರು ಹೊಲಿಗೆ ಹಾಕಿದಳು. ಸಾವಂತ್ರವ್ವ ಕೂಸನ್ನು ನೀರು ಚಿಮುಕಿಸಿಯೇ ಎತ್ತಿಕೊಂಡಳು.

ಹಿತ್ತಲಲ್ಲಿ ಶೇವಂತೆವ್ವ ಕೈ ತೊಳೆದು, ಕಾಗದ ಹಿಡಿದು ನಿಂತಳು. ಗೌಡ ಬಾಯಲ್ಲಿ ಸಕ್ಕರೆ ಹಾಕಿಕೊಂಡು ಬಂದ.

"ಸಹಿ ಅಂದ್ರ ಯಾವ ಸಹಿ?"

"ಆಣಿ ಮಾಡೀರಿ ಗೌಡ್ರ."

"ಮಾಡೇನಿ. ಈಗ ನಾ ಬರದು ಕೊಟ್ಟರ ಬೆಂಗಳೂರಿಂದ ಸಾಹೇಬರು ಬರತಾರ. ಈ ಸಲ ಯಾರು ಹಡಿಸಿದ್ರು ಅಂತ ಕೇಳ್ತಾರ. ಪಟ್ಟ್ಯಾಗ ಹೆಸರಿಲ್ಲದಾಕಿ ಹೆಂಗಸಿಗೆ ಸೂಜಿ ಹಾಕ್ಯಾಳ. ಏನ್ ಹೇಳ್ಲಿ?" ಅವನು ದನಿ ತಗ್ಗಿಸಿದ. ಅದರಲ್ಲಿ ಸಿಟ್ಟಿರಲಿಲ್ಲ, ಅದೇ ಕೆಟ್ಟದ್ದು. "ನಿನ್ನ ಚಲೋಕ್ಕ ಹೇಳ್ತೇನಿ. ನೀ ಬಂದಿಲ್ಲ. ಶೆಟ್ಟೆವ್ವ ಹಡಿಸ್ಯಾಳ. ಚಾವಡ್ಯಾಗ ಹಂಗ ಬರಸೇನಿ. ಐದು ದಿನ ಹಿತ್ತಲಕಡಿಂದ ಬಂದು ಹೊಲಿಗಿ ತೊಳದು ಹೋಗು. ಹೊಲಿಗಿ ಕೊಳೀತಂದ್ರ ಮಾತ್ರ ನೀ ಬಂದಿದ್ದಿ ಅಂತ ನೆನಪಾಗತೈತಿ ನನಗ."

ಒಳಗಿದ್ದಾಗ ಹೊರಗಿದ್ದಳು ಎಂದ, ಹೊರಗಿದ್ದಾಗ ಒಳಗಿದ್ದಳು ಎಂದ. ಅವಳು ಕಾಗದ ಮಡಚಿದಳು. ಮಡಿಕೆಯ ಗೆರೆಯಲ್ಲಿ ಅದು ಹರಿಯತೊಡಗಿತ್ತು.

ಐದು ದಿನ ಹಿತ್ತಲಿನಿಂದ ಬಂದಳು. ಐದನೆಯ ದಿನ ಸಂಜೆ ಸಟವಿತಾಯಿಯ ಪೂಜೆ. ಅಂದು ತಾಯಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ. ಬಾಣಂತಿಯ ಖೋಲಿಯಲ್ಲಿ ಮೊರದ ತುಂಬ ಜೋಳ, ಅದರ ಮೇಲೆ ದೀಪ, ಒಂದು ಖಾಲಿ ಕಾಗದ, ಬರೆಯುವ ಟಾಕು, ಮಸಿ ತುಂಬಿದ ದೌತಿ ಇಟ್ಟು, ಬಾಣಂತಿ ಮತ್ತು ಕೂಸನ್ನು ಬಿಟ್ಟು ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಂದೆ ಮಾಡುತ್ತಾರೆ. ತಾಯಿ ಬರೆದದ್ದನ್ನು ಮನುಷ್ಯರ ಕಣ್ಣು ನೋಡಬಾರದು, ನೋಡಿದರೆ ಕೂಸು ಉಳಿಯುವುದಿಲ್ಲ. ಪಡಸಾಲೆಯಲ್ಲಿ ಶೆಟ್ಟೆವ್ವನಿಗೆ ಹೆರಿಗೆ ಮಾಡಿಸಿದ್ದಕ್ಕೆ ಹಸಿರು ಸೀರೆ ಉಡಿಸಿ ಉಡಿ ತುಂಬುತ್ತಿದ್ದರು. ಮುದುಕಿ ತಲೆ ಎತ್ತುತ್ತಿರಲಿಲ್ಲ.

ಶೇವಂತೆವ್ವ ಹಿತ್ತಲ ಬಾಗಿಲಿನಿಂದ ಬಂದು ಹೊಲಿಗೆ ತೊಳೆದಳು. ಕೊಳೆತಿರಲಿಲ್ಲ, ಕೂಡಿತ್ತು. ಕೂಸಿನ ಹೊಕ್ಕಳ ನೋಡಿದಳು, ಒಣಗಿತ್ತು. ಇನ್ನು ಅವಳು ಈ ಮನೆಗೆ ಬರುವ ಕಾರಣವಿರಲಿಲ್ಲ. ಏಳುವಾಗ ದೀಪದ ಬೆಳಕಿನಲ್ಲಿ ಆ ಕಾಗದ ಕಂಡಿತು. ಅದರಲ್ಲಿ ಯಾವ ಪಟ್ಟಿಯೂ ಇರಲಿಲ್ಲ. ಬೇಕಾದಷ್ಟು ಜಾಗವಿತ್ತು.

ಅವಳು ಕುಳಿತು ಟಾಕು ಮಸಿಯಲ್ಲಿ ಅದ್ದಿದಳು. ಬರೆದಳು:

ಅರವತ್ತನೇ ಇಸವಿ. ಈ ಮನೆಯ ಮೊದಲ ಹೆರಿಗೆ. ನನ್ನನ್ನು ಒಳಗೆ ಬಿಡಲಿಲ್ಲ. ಹೊಸ್ತಿಲಾಚೆ ನಿಂತಿದ್ದೆ. ಅರವತ್ತಮೂರನೇ ಇಸವಿ. ಎರಡನೇ ಹೆರಿಗೆ. ಒಳಗಿದ್ದೆ. ನನ್ನ ಕೈಯಿಂದ ಮುಟ್ಟಿ ಹಡೆಸಿದೆ. ಎರಡೂ ಖರೆ. ಶೇವಂತಾ ಚಂದ್ರಾಮ ಕಾಂಬಳೆ, ನರ್ಸು, ೩೧೧೭.

"ಏನ್ ಬರದಿ ಅಕ್ಕಾ?"

ಚನ್ನವ್ವ ಎಚ್ಚರವಿದ್ದಳು. ಶೇವಂತೆವ್ವ ಮೆಲ್ಲಗೆ ಓದಿದಳು. ಚನ್ನವ್ವ ಕೂಸನ್ನು ಒಮ್ಮೆ ನೋಡಿದಳು. ಆಮೇಲೆ ಕೈ ಚಾಚಿ ಹೆಬ್ಬೆರಳನ್ನು ದೌತಿಯೊಳಗೆ ಅದ್ದಿದಳು.

"ಎರಡೂ ಸಲ ನಾ ಇದ್ದೆ. ನಾ ನೋಡೇನಿ. ಎಲ್ಲಿ ಒತ್ತಲಿ?"

ಸಹಿಯ ಪಕ್ಕದಲ್ಲಿ ಕಪ್ಪು ಹೆಬ್ಬಟ್ಟು ಮೂಡಿತು. ಮನೆಯಲ್ಲಿದ್ದವರು ಬರೆದು ಕೊಟ್ಟರೆ, ಎಂದಿತ್ತು ಬೆಂಗಳೂರಿನ ಕಾಗದ. ಇದು ಅದೇ ಎಂದು ಅವಳಿಗೆ ಹೊಳೆದದ್ದು ಆಗಲೇ. ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡರೆ ಸಾಕು. ಕೈ ಮುಂದೆ ಮಾಡಿದಳು. ಬಾಗಿಲು ಕಿರುಗುಟ್ಟಿತು.

ಸಾವಂತ್ರವ್ವ ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡು ಒಳಗೆ ಬಂದಳು. ಕೈಯಲ್ಲಿ ಸೂಜಿ ದಾರ, ಕೆಂಪು ಬಟ್ಟೆಯ ಚೂರು. ತಡಕಾಡುತ್ತ ಮೊರದ ಮುಂದೆ ಕುಳಿತು ಕಾಗದ ಎತ್ತಿದಳು. ಬೆರಳಿಗೆ ಹಸಿ ತಾಗಿತು.

"ಹಸೀ ಐತಿ," ಅಂದಳು. "ಯವ್ವಾ ತಾಯೀ, ಈಗ ಬರದು ಹೋಗೀದಿ! ನಮ್ಮ ಮನಿಗೆ ಬಂದೀದಿ!"

ಮಸಿ ಹತ್ತಿದ ಬೆರಳುಗಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಕಾಗದವನ್ನು ಎಂಟು ಮಡಿಕೆ ಮಾಡಿದಳು, ಕೆಂಪು ಬಟ್ಟೆಯಲ್ಲಿಟ್ಟಳು, ಕಣ್ಣು ಮುಚ್ಚಿಕೊಂಡೇ ಸುತ್ತಲೂ ಹೊಲಿಯತೊಡಗಿದಳು.

ಶೇವಂತೆವ್ವ ಗೋಡೆಗೆ ಒತ್ತಿ ನಿಂತಿದ್ದಳು. ಒಂದೊಂದು ಹೊಲಿಗೆಯೂ ಬಿಗಿಯಾಗಿ ಬೀಳುತ್ತಿತ್ತು. ಚಲೋ ಹೊಲಿಗೆ. ಬಿಚ್ಚುವ ಹೊಲಿಗೆಯಲ್ಲ.

ದಾರ ಕಡಿದು, ಚೀಲವನ್ನು ಕೂಸಿನ ತೊಟ್ಟಿಲಿಗೆ ಕಟ್ಟಿ, ಸಾವಂತ್ರವ್ವ ಕಣ್ಣು ತೆರೆದಳು. "ನೀ ಇನ್ನೂ ಇಲ್ಲೇ ಅದೀಯ? ಮಂದಿ ಬರೂ ಹೊತ್ತಾತು. ನಡಿ, ಹಿತ್ತಲಕಡಿಂದ ನಡಿ."

ಶೇವಂತೆವ್ವ ಪೆಟ್ಟಿಗೆ ಎತ್ತಿಕೊಂಡಳು. ಹೊಸ್ತಿಲು ದಾಟುವಾಗ ತಿರುಗಿ ನೋಡಿದಳು.

ಚನ್ನವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಲಗೈ ಹಾಸಿಗೆಯ ಮೇಲೆ ಹೊರಗೇ ಇತ್ತು, ಮಸಿ ಹತ್ತಿದ ಹೆಬ್ಬೆರಳನ್ನು ಒಳಗೆ ಹಾಕಿ ಬಿಗಿಯಾಗಿ ಮುಷ್ಟಿ ಕಟ್ಟಿತ್ತು.